ಸೆಲ್ಲಿಲ್ಲದ ಕೀಬೋರ್ಡ್ ಓಗೊಟ್ಟಿದ್ದು

ಮಕ್ಕಳೇ, ಗಾಳಿ, ದೆವ್ವ ಎಂದು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಹೂಗ್ಯಂನ ಕಾಡಂಚಿನಲ್ಲಿ ಬೆಳೆದ ನನಗೆ ಆನೆಯ ಭಯವಿತ್ತೇ ಹೊರತು ಬೇರೆ ಭಯವಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಯಳಂದೂರಿನ ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿಮ್ಮ ತಾತ ತೀರಿಹೋದ ಮೇಲೆ, ನನಗೆ ನೆನಪಿರುವುದನ್ನೆಲ್ಲ ನಿಮಗಾಗಿ ಬರೆದಿಡಬೇಕೆಂದು ಹಟ ಹಿಡಿದೆ. ಲ್ಯಾಪ್‌ಟಾಪಿನ ಸಣ್ಣ ಗುಂಡಿಗಳು ನನ್ನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ತಾತನ ವೈರ್ ಇಲ್ಲದ ಕೀಬೋರ್ಡ್ ದೊಡ್ಡದು. ಅದಕ್ಕೆ ಅವರೇ ಕನ್ನಡ ಅಕ್ಷರ ಅಂಟಿಸಿದ್ದರು. ಆದರೆ ಲ್ಯಾಪ್‌ಟಾಪ್ ಆರಿಸಿದಾಗಲೆಲ್ಲ ಅದರ ಜೋಡಣೆ ತಪ್ಪಿಹೋಗುತ್ತಿತ್ತು. ಪ್ರತಿ ಸಲ ಪಕ್ಕದ ಮನೆಯವರನ್ನು ಕರೆಯಲು ನನಗೆ ಸಂಕೋಚ. ಹೀಗೇ ಆದರೆ ಬರವಣಿಗೆಯೇ ನಿಂತುಹೋಗುತ್ತಿತ್ತು.

ಕೊಳ್ಳೇಗಾಲದಲ್ಲಿರುವ ನನ್ನ ಮಗಳು, ನಿಮ್ಮ ಶೋಭತ್ತೆ, ಬಂದು ಕಪ್ಪು ಪರದೆಯಲ್ಲಿ ಸಾಲು ಸಾಲು ಕಮಾಂಡ್ ಬರೆದು ಒಂದು ಏರ್ಪಾಡು ಮಾಡಿದಳು. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಹೆಸರು ಒತ್ತಿದರೆ ಅದು ತಾನೇ ಕೀಬೋರ್ಡನ್ನು ಹುಡುಕಿ ಒಂದು ಸಂಖ್ಯೆ ತೋರಿಸುತ್ತದೆ. ಆ ಸಂಖ್ಯೆಯನ್ನು ಕೀಬೋರ್ಡಿನಲ್ಲಿ ಒತ್ತಿದರೆ ಎರಡೂ ಸೇರುತ್ತವೆ. ತೊಡಕಿದ್ದದ್ದು ಹೆಸರಿನಲ್ಲಿ. ತಾತ ಅದಕ್ಕೆ ತಮ್ಮ ಹೆಸರನ್ನೇ ಇಟ್ಟಿದ್ದರು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳೇ ಅಲ್ಲ.

“ಬೇರೆ ಎಸ್ರು ಮಡಗವ್ವ,” ಎಂದೆ.

“ಅಪ್ಪ ಮಡಗಿದ್ ಎಸ್ರ ನಾನ್ಯಾಕ್ ತಗೀಲಿ? ಬಾಯಲ್ಲಿ ಅನ್ಬೇಡ, ಬೆರಳಲ್ಲಿ ಒತ್ತು.”

“ಎಲ್ಡೂ ಒಂದೇ ಕಣೆ!”

“ಅಂಗಾರೆ ರೇಷನ್ ಕಾರ್ಡ್‌ಗೆ ಬರೆಸ್ದಾಗ ಏನ್ ಮಾಡ್ದೆ?”

“ನಿನ್ ಕೈಲಿ ಯೋಳಿಸ್ದೆ.”

ಅವಳು ನಗುತ್ತಲೇ ಬಸ್ಸಿಗೆ ಓಡಿದಳು.

ದೀಪ ಹಚ್ಚುವ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ. ಲ್ಯಾಪ್‌ಟಾಪಿನ ಗುಂಡಿಗಳನ್ನು ಹುಡುಕಿ ಹುಡುಕಿ ಅವರ ಹೆಸರು ಒತ್ತಿದೆ. ಸಂಖ್ಯೆ ಬಂತು. ಕೀಬೋರ್ಡ್ ಮಡಿಲಲ್ಲಿತ್ತು, ನಾನಿನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ, ಅದರ ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲೇ ‘ಸೇರಿತು’ ಎಂದು ಪರದೆಯ ಮೇಲೆ ಮೂಡಿತು.

ಖುಷಿಯಿಂದ ಶೋಭಳಿಗೆ ಫೋನ್ ಮಾಡಿದೆ. “ಸೇರ್ಕತು ಕಣವ್ವ!”

“ಅದೆಂಗವ್ವ? ಹಳೇ ಸೆಲ್ ತಗ್ದು ಎಸ್ದೆ. ಒಸ ಸೆಲ್ಲ ಆಕದ ಮರ್ತು ಬಂದ್ಬುಟ್ಟಿವ್ನಿ.”

ಕೀಬೋರ್ಡ್ ಮಗುಚಿ ಮುಚ್ಚಳ ತೆಗೆದೆ. ಖಾಲಿ. ಹೊಸ ಸೆಲ್ಲುಗಳು ಒಡೆಯದ ಪೊಟ್ಟಣದಲ್ಲಿ ಮೇಜಿನ ಮೇಲೇ ಇದ್ದವು.

ಕಮಾಂಡಿನಲ್ಲಿ ತಪ್ಪಿರಬೇಕೆಂದು ಶೋಭ ಮತ್ತೆ ಬಂದು ಒಂದೊಂದು ಸಾಲನ್ನೂ ನೋಡಿದಳು, ಸಿಗಲಿಲ್ಲ. ಸೆಲ್ ಇಲ್ಲದೆಯೇ ಮತ್ತೆ ಹೆಸರು ಒತ್ತಿ ನೋಡಿದಳು, ಸಂಖ್ಯೆಯೇ ಬರಲಿಲ್ಲ. ಅದೇನಾಗಿತ್ತೋ ಅವಳಿಗೂ ತಿಳಿಯದು, ನನಗೂ ತಿಳಿಯದು.

ಬರೆಯುವುದನ್ನಂತೂ ನಾನು ಬಿಟ್ಟಿಲ್ಲ. ಈಗ ಸೆಲ್ ಹಾಕಿಕೊಂಡು, ಹೆಸರನ್ನೂ ಸಂಖ್ಯೆಯನ್ನೂ ನಾನೇ ಒತ್ತಿ ಜೋಡಿಸಿಕೊಳ್ಳುತ್ತೇನೆ. ಇವತ್ತು ನಿಮಗೆ ಇದನ್ನು ಬರೆಯಲು ಕೂತಾಗಲೂ ಹಾಗೇ ಮಾಡಿದೆ. ಸಂಖ್ಯೆ ಬಂದ ಮೇಲೆ ಮಾತ್ರ, ಅದನ್ನು ಒತ್ತುವ ಮುಂಚೆ, ಕೈಕಟ್ಟಿಕೊಂಡು ಸ್ವಲ್ಪ ಹೊತ್ತು ಕಾದೆ.