ಪಾರಂಪರಿಕ ಅಂದ್ರೆ ಪಾಲಲ್ಲ ಕಣೋ

ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ತಮ್ಮನ ಫೋನ್ ಬಂತು.

"ಅಕ್ಕಾ, ನಿಂಗೆ ಪಾಲು ಬೇಕಿದ್ರೆ ಬಾಯ್ಬುಟ್ಟು ಕೇಳ್ಬಾರ್ದಾ? ಸರ್ಕಾರಕ್ಕೆ ಯಾಕೆ ಬರೆದೆ?"

ಸಾಸಿವೆ ಸೀದುಹೋಯಿತು. (ಆವತ್ತಿನ ಚಿತ್ರಾನ್ನವನ್ನು ನಮ್ಮನೆಯವರು ಒಂದು ಮಾತೂ ಆಡದೆ ತಿಂದರು. ಅವರಿಗೆ ಅಭ್ಯಾಸ.)

ಪಾಲು? ನಾನು ಕನಸಲ್ಲೂ ಕೇಳಿದವಳಲ್ಲ. ನಾನು ಬರೆದದ್ದು ಇಷ್ಟೇ: ತಿಪಟೂರಿನಲ್ಲಿ ನಮ್ಮ ತಾತ ಕಟ್ಟಿಸಿದ ಕೊಬ್ಬರಿ ಎಣ್ಣೆ ಮಿಲ್ಲನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ, ಕೆಡವದಂತೆ ನೋಡಿಕೊಳ್ಳಿ. ಪುರಾತತ್ವ ಇಲಾಖೆಯವರು ಅದರ ಒಂದು ಪ್ರತಿಯನ್ನು ಮಿಲ್ಲಿನ ಮಾಲೀಕನಿಗೆ, ಅಂದರೆ ನನ್ನ ತಮ್ಮ ರುದ್ರೇಶನಿಗೆ, ಕಳಿಸಿದ್ದಾರೆ. ಅವನು ಅದನ್ನು ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಕ್ರಯಪತ್ರ ಬರೆಯುವವನೊಬ್ಬನಿಗೆ ತೋರಿಸಿದ್ದಾನೆ. ಆತ ಕನ್ನಡಕ ಇಳಿಸಿ ಓದಿ ಹೇಳಿದನಂತೆ, "ಪಾರಂಪರಿಕ ಅಂದ್ರೆ ತಾತ ಮುತ್ತಾತನಿಂದ ಬಂದದ್ದು ಕಣಪ್ಪ. ಪಿತ್ರಾರ್ಜಿತ. ನಿಮ್ಮಕ್ಕ ಭಾಗ ಕೇಳ್ತಾವ್ರೆ."

ಆತನನ್ನು ಬೈಯೋದು ಹೇಗೆ? ತೋಟ, ಬಾವಿ, ಕೊನೆಗೆ ಕಾಯಿ ಒಣಗಿಸೋ ಅಟ್ಟ, ಎಲ್ಲಕ್ಕೂ ಭಾಗ ಬರೆದು ಬರೆದು ಪಳಗಿದ ಕೈ ಅದು. ನಮ್ಮ ಕಡೆ ಹೆರಿಟೇಜ್ ಅಂದರೆ ತುರುವೇಕೆರೆಯ ಹೊಯ್ಸಳರ ಗುಡಿ. ಎಣ್ಣೆ ಜಿಡ್ಡು ಹಿಡಿದ ಮಿಲ್ಲಿಗೆ ಯಾರಾದರೂ ಆ ಮಾತು ಬಳಸುತ್ತಾರಾ?

"ಪಾರಂಪರಿಕ ಅಂದ್ರೆ ಪಾಲಲ್ಲ ಕಣೋ," ಅಂದೆ. "ಕೆಡವಬೇಡ ಅಂತ."

"ಕೆಡವಬೇಡ ಅನ್ನೋಕೆ ಪಾಲು ಇರ್ಬೇಕಲ್ಲಕ್ಕ?"

ಫೋನ್ ಇಟ್ಟುಬಿಟ್ಟ.

ಮಿಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮೂರಿನ ಒಳ್ಳೆ ಉಂಡೆ ಕೊಬ್ಬರಿ ಲಾರಿ ಹತ್ತಿ ಉತ್ತರಕ್ಕೆ ಹೋಗುತ್ತದೆ. ಒಡೆದದ್ದು, ಮುಗ್ಗಿದ್ದು, ಕೌಟು ವಾಸನೆ ಬಂದದ್ದು ಮಿಲ್ಲಿನ ಪಾಲು. ದಪ್ಪ ಗಾರೆ ಗೋಡೆ, ಮಂಗಳೂರು ಹೆಂಚು, ನಡುನಡುವೆ ಬೆಳಕಿಗೆ ಗಾಜಿನ ಹೆಂಚು. ಬಾಗಿಲು ಮುಚ್ಚಿ ವರ್ಷಗಳಾದವು. ಗೋಡೆಗೆ ಬೆನ್ನು ಕೊಟ್ಟರೆ ಈಗಲೂ ಸೀರೆಗೆ ಎಣ್ಣೆ ಹತ್ತುತ್ತದೆ. ಇಂಥವು ಊರಲ್ಲಿ ಎಷ್ಟೋ ಇದ್ದವು. ಒಂದು ಕಲ್ಯಾಣ ಮಂಟಪ ಆಯಿತು. ಇನ್ನೊಂದು ಟೈಲ್ಸ್ ಶೋರೂಮು. ಮತ್ತೊಂದು ಎಲ್ಲಿತ್ತು ಅಂತ ನನಗೇ ಮರೆತುಹೋಗಿದೆ. ಕೊಬ್ಬರಿಯಿಂದ ಬೆಳೆದ ಊರು ಅಂತ ಭಾಷಣ ಮಾಡ್ತೀವಿ. ಕೊಬ್ಬರಿ ಅರೆದ ಗೋಡೆ ಒಂದಾದರೂ ಬೇಡವಾ?

ಪಟ್ಟಿಗೆ ಸೇರಿಸೋದು ಅಂದರೆ ಬೀಗ ಹಾಕಿ ಊದುಬತ್ತಿ ಹಚ್ಚೋದಲ್ಲ. ಒಳಗೆ ಹೋಟೆಲ್ ಇಡಿ, ಬಟ್ಟೆ ಅಂಗಡಿ ಇಡಿ. ಗೋಡೆ, ಮಾಡು ಇರಲಿ. ಕೇಳಿದ್ದು ಇಷ್ಟೇ.

ಇಷ್ಟನ್ನು ನನ್ನ ಜೊತೆ ಕೇಳುವವರು ಇನ್ನೊಬ್ಬರಿಲ್ಲ ಅಂತ ಆಮೇಲೆ ಗೊತ್ತಾಯಿತು. ಶೆಟ್ಟಿಕೆರೆಯಿಂದ ಮದುವೆಗೆ ಬಂದಿದ್ದ ನಮ್ಮ ಓರಗಿತ್ತಿ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತು, "ತಮ್ಮನ ಮೇಲೆ ಕೇಸ್ ಹಾಕಿದ್ಯಂತೆ? ಹೋಗ್ಲಿ ಬುಡು, ನಿಂದೂ ಹಕ್ಕೇ ಅಲ್ವಾ" ಅಂದಳು. ಬೈದಿದ್ದರೆ ವಾಸಿಯಿತ್ತು. ನನ್ನ ಪರ ನಿಂತ ಒಬ್ಬಳೇ ಒಬ್ಬಳು, ಅವಳೂ ನಾನು ಕೇಳದೇ ಇದ್ದದ್ದಕ್ಕೆ!

ಕೊನೆಗೆ ಇಲಾಖೆಯಿಂದ ಮೇಡಂ ಒಬ್ಬರು ಮಿಲ್ಲು ನೋಡಲು ಬಂದರು. ರುದ್ರೇಶ ಬೀಗದ ಕೈ ತಂದ. ನನ್ನ ಮುಖ ನೋಡಲಿಲ್ಲ.

ಮೇಡಂ ಫೋಟೋ ತೆಗೆಯುತ್ತಾ ಕೇಳಿದರು, "ಇಲ್ಲಿಗೆ ಯಾರಾದ್ರೂ ದೊಡ್ಡವರು ಬಂದಿದ್ರಾ? ಮಹಾರಾಜರು, ಸ್ವಾತಂತ್ರ್ಯ ಹೋರಾಟಗಾರರು?"

"ಕೌಟು ಕೊಬ್ಬರಿ ಬರ್ತಿತ್ತು," ಅಂದ ರುದ್ರೇಶ.

ನಗು ತಡೆಯಲಾಗಲಿಲ್ಲ. ಅವನೂ ನಗುತ್ತಾನೇನೋ ಅಂತ ನೋಡಿದೆ. ಇಲ್ಲ.

ಮೇಡಂ ಮುಂದೆ ಹೋಗಿ, "ನೆಲ ಒಂದು ಕಡೆಗೆ ವಾಲಿದೆಯಲ್ಲ, ಕುಸಿದಿದೆಯಾ?" ಅಂದರು.

ಅದನ್ನು ಕೇಳಿ ನನ್ನ ತಮ್ಮನಿಗೆ ಕೋಪ ಬಂತು ನೋಡಿ!

"ಕುಸಿದಿಲ್ಲ ಮೇಡಂ! ನಮ್ಮ ತಾತ ಹಂಗೇ ಹಾಕ್ಸಿದ್ದು. ಮಿಷನ್‌ನಿಂದ ಚೆಲ್ಲಿದ ಎಣ್ಣೆ ಒಂದು ತೊಟ್ಟೂ ದಂಡ ಆಗ್ಬಾರ್ದು ಅಂತ." ಮೂಲೆಯಿಂದ ತುಕ್ಕು ಹಿಡಿದ ಬೇರಿಂಗ್ ಗುಂಡೊಂದನ್ನು ಹುಡುಕಿ ತಂದು ನೆಲದ ಮೇಲೆ ಬಿಟ್ಟ. ಅದು ಯಾರ ಹಂಗೂ ಇಲ್ಲದೆ ಉರುಳಿ ಉರುಳಿ, ಗೋಡೆಯಂಚಿನ ಎಣ್ಣೆ ಗುಂಡಿಗೆ ಹೋಗಿ ಬಿತ್ತು. ಅವನು ಬಗ್ಗಿ ನೋಡುತ್ತಲೇ ಇದ್ದ. ಐವತ್ತರ ಹತ್ತಿರದ ಗಂಡಸು.

ಆಗ ನನಗೆ ಆಸೆ ಹುಟ್ಟಿತು. ಹುಟ್ಟಬಾರದಿತ್ತು.

ಹೊರಡುವಾಗ ಮೇಡಂ ನನ್ನ ಕಡೆ ತಿರುಗಿದರು. "ಕಟ್ಟಡ ಪಟ್ಟಿಗೆ ಸೇರೋ ಹಾಗೇ ಇದೆ. ಆದ್ರೆ ಮಾಲೀಕರು ಒಪ್ಪದಿದ್ರೆ ನಮ್ಮ ಕೈಲಿ ಹೆಚ್ಚೇನೂ ಆಗಲ್ಲ. ನೀವೂ ಮಗಳೇ ಅಲ್ವಾ? ನಿಮ್ಮ ಭಾಗ ಕೇಳಿದ್ರೆ, ಅದು ತೀರ್ಮಾನ ಆಗೋವರೆಗೆ ಕೆಡವೋದನ್ನ ತಡೀಬಹುದು."

ಜೀಪು ಹೋಯಿತು. ಧೂಳಲ್ಲಿ ನಾವಿಬ್ಬರೇ ಉಳಿದೆವು.

"ನಾನ್ ಹೇಳ್ಲಿಲ್ವಾ, ಪಾಲು ಇರ್ಬೇಕು ಅಂತ?" ಅಂದ.

"ನಂಗೆ ಪಾಲು ಬೇಡ ಕಣೋ. ನೀನೇ ಒಪ್ಕೊಂಡುಬುಡು."

"ಪಾಲು ಕೇಳಿದ್ರೆ ಕೊಟ್ಬುಡ್ತಿದ್ದೆ ಕಣಕ್ಕ. ಇದನ್ನ ಕೆಡವಿ ಕಾಂಪ್ಲೆಕ್ಸ್ ಎದ್ದ ಮೇಲೆ ಒಂದು ಅಂಗಡಿ ನಿನ್ನ ಹೆಸರಿಗೆ ಅಂತ್ಲೇ ಇದ್ದೆ. ನೀನು ಕೇಳ್ತಿರೋದು ಪಾಲಲ್ಲ. ಸಾಯೋಗಂಟ ಈ ಬೀಗದ ಕೈ ಇಟ್ಕೊಂಡಿರು ಅಂತೀಯ. ಮಳೇಲಿ ಹೆಂಚು ಜಾರಿದ್ರೆ ಹತ್ತೋನು ಯಾರು? ಒಳಗೆ ಹಾವು ಬಂದ್ರೆ ಯಾರಿಗೆ ಫೋನು? ನೀನು ಪೇಪರ್‌ನಾಗೆ ಬರೀತೀಯ, ಜನ ಓದಿ ಚೆನ್ನಾಗೈತೆ ಅಂತಾರೆ."

ಅವನು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, "ದಸರಾ ಆದ್ಮೇಲೆ ಹೆಂಚು ಇಳಿಸ್ತೀನಿ" ಅಂತ ಹೇಳಿ ಸ್ಕೂಟರ್ ಹತ್ತಿದ.

ಹೋದ ವಾರ ಗೌರಿ ಹಬ್ಬ. ಮದುವೆಯಾದಾಗಿಂದ ತವರಿನ ಬಾಗಿನ ತಪ್ಪಿದ್ದಿಲ್ಲ. ಅಪ್ಪ ಇದ್ದಾಗ ಅಪ್ಪ, ಆಮೇಲೆ ರುದ್ರೇಶ. ಮೊರ, ಬಳೆ, ರವಿಕೆ ಕಣ, ಅರಿಶಿನ ಕುಂಕುಮ ಹಿಡಿದು ಅವನೇ ಬಂದು, ಹೋಳಿಗೆ ಮೇಲೆ ತುಪ್ಪ ಸಾಲದು ಅಂತ ಜಗಳ ತೆಗೆದು ತಿನ್ನುತ್ತಿದ್ದ. ಈ ಸಲವೂ ಹೂರಣ ಹೆಚ್ಚಿಗೇ ರುಬ್ಬಿದೆ. ಗೇಟಿನ ಸದ್ದಾದಾಗ ಕೈ ತೊಳೆದುಕೊಂಡು ಓಡಿದೆ. ಹಾಲಿನವನು. ಮಧ್ಯಾಹ್ನ ಮೊಬೈಲ್ ಟಿಣ್ ಅಂದಿತು. ರುದ್ರೇಶ ನನ್ನ ಅಕೌಂಟಿಗೆ ದುಡ್ಡು ಹಾಕಿದ್ದ. ಕೆಳಗೆ ಒಂದೇ ಪದ: "ಬಾಗಿನ".

ನಮ್ಮನೆಯವರು ಇಣುಕಿ ನೋಡಿ, "ಮರೆತಿಲ್ವಲ್ಲ, ಬುಡು" ಅಂದರು. ಅವರಿಗೆ ಹೇಗೆ ಅರ್ಥವಾಗಬೇಕು? ಮರೆತಿದ್ದರೆ ನೆನಪಿಸಬಹುದಿತ್ತು. ಆವತ್ತು ಅಡುಗೆಮನೆಯಲ್ಲಿ ತುಂಬಾ ಹೊತ್ತು ಪಾತ್ರೆ ಉಜ್ಜಿದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಪ್ರತಿ ವಾರ ಉಪ್ಪಿನಕಾಯಿ, ಬಸ್ಸು, ಮಂಡಿನೋವು ಅಂತ ಬರೆಯೋ ಈಯಮ್ಮನಿಗೆ ಇವತ್ತು ಏನಾಯಿತು ಅಂದುಕೊಳ್ಳುತ್ತಿದ್ದೀರಿ. ನಿಮ್ಮನ್ನು ಬಿಟ್ಟು ಇನ್ನು ಯಾರಿಗೆ ಹೇಳಲಿ? ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಹೆಂಚು ಜಾರಿದರೆ ಹತ್ತುವವಳು ನಾನಲ್ಲ. ಆದರೆ ಒಂದು ಸಲ ಇಳಿಸಿದ ಮೇಲೆ ಜಾರಲು ಹೆಂಚೇ ಇರೋದಿಲ್ಲ. ಆ ಇಳಿಜಾರು ನೆಲದ ಮೇಲೆ ಗ್ರಾನೈಟ್ ಬೀಳುತ್ತದೆ, ನೀರುಮಟ್ಟ ಇಟ್ಟು ಸಮ ಮಾಡುತ್ತಾರೆ. ಆಮೇಲೆ ಅದು ಯಾವ ಊರಾದರೂ ಆಗಬಹುದು.

ಅದಕ್ಕೇ ನಾಳೆ ವಕೀಲರನ್ನು ನೋಡಲು ಹೊರಟಿದ್ದೇನೆ. ನನಗೆ ಬೇಡವಾದ ಪಾಲನ್ನು ಕೇಳೋಕೆ. ಮಿಲ್ಲು ಉಳಿದರೂ ಉಳಿಯಬಹುದು.

ತಮ್ಮನ್ನ ಉಳಿಸಿಕೊಳ್ಳೋಕೆ ಯಾವ ಇಲಾಖೆಗೆ ಅರ್ಜಿ ಹಾಕಬೇಕು, ನಿಮಗೇನಾದರೂ ಗೊತ್ತಾ?