ಆರು ಕುರ್ಚಿಯ ಮೆಸ್ಸಿನಲ್ಲಿ ಸಬೀಹಾಳ ಗಣಿತ

ದೆಹಲಿಯ ಮುನಿರ್ಕಾದ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಕಿಟಕಿ ತೆರೆದರೆ, ಎದುರು ಮನೆಯಾಕೆ ತಮ್ಮ ಕಿಟಕಿಯಿಂದಲೇ ಕೈ ಚಾಚಿದರು. “ಭಯ್ಯಾ, ನಮಕ್ ಹೈ?” ಉಪ್ಪು ಕೇಳುತ್ತಿದ್ದರು. ಕುಂದಾಪುರದಲ್ಲಿ ಪಕ್ಕದ ಮನೆಗೆ ಉಪ್ಪು ಕೊಡಬೇಕಾದರೆ ಗದ್ದೆ ದಾಟಬೇಕು; ಇಲ್ಲಿ ಸ್ವಲ್ಪ ಬಗ್ಗಿದರೆ ಸಾಕು.

ಏಳನೇ ತರಗತಿಗೇ ಶಾಲೆ ಬಿಟ್ಟು ಹೋಟೆಲ್ ಕೆಲಸಕ್ಕೆ ಸೇರಿದವನು ನಾನು. ಈಗ ಇಲ್ಲಿ ಆರು ಕುರ್ಚಿಯ ಸ್ವಂತ ಮೆಸ್ ಇದೆ. ಮೊದಲ ಚಳಿಗಾಲದಲ್ಲಿ ಕನ್ನಡದಲ್ಲಿ ಬೈಯಲೂ ಯಾರೂ ಇರಲಿಲ್ಲ. ಊರಲ್ಲಿ ದೋಸೆ ಬೆಳಗಿನ ತಿಂಡಿ. ಇಲ್ಲಿಯವರಿಗೆ ರಾತ್ರಿಯ ಊಟ, ಅದೂ ಟೊಮೆಟೊ ಸಾಸ್ ಸುರಿದುಕೊಂಡು. ಆಗ ಸಂಕಟವಾಗುತ್ತಿತ್ತು. ಈಗ ಬಾಟಲಿಯನ್ನು ನಾನೇ ಮುಂದಿಡುತ್ತೇನೆ.

ಬೀದರಿನ ಸಬೀಹಾ ಇಲ್ಲಿ ಪಿಎಚ್‌ಡಿ ಮಾಡುವ ಹುಡುಗಿ, ದಿನವೂ ಊಟ ನನ್ನ ಮೆಸ್ಸಿನಲ್ಲೇ. ಔಷಧದ ಕಣ ಮೈಯೊಳಗಿನ ಪ್ರೋಟೀನಿಗೆ ಹೇಗೆ ಅಂಟುತ್ತದೆ ಎಂದು ಗಣಿತದಲ್ಲಿ ಲೆಕ್ಕ ಹಾಕುತ್ತಾಳೆ. ಸೆಮಿನಾರಿನ ಹಿಂದಿನ ದಿನ ಅಳುಮುಖ ಹೊತ್ತು ಬಂದಳು. ವಿಜ್ಞಾನ ಓದದವರಿಗೂ ತಿಳಿಯುವ ಹಾಗೆ ಹೇಳಲಾಗದಿದ್ದರೆ ವೇದಿಕೆ ಹತ್ತಬೇಡ ಎಂದಿದ್ದರಂತೆ ಅವಳ ಮೇಷ್ಟ್ರು.

“ಅಣ್ಣ, ನಿಮಗೆ ಹೇಳ್ತೀನಿ, ಕೇಳಿ.”

“ಓದದವನು ಅಂತ ನನ್ನನ್ನೇ ಹುಡುಕಿದ್ಯಾ?” ನನಗೆ ಚುರ್ರೆಂದಿತ್ತು.

“ಅರ್ಥ ಆಗದೇ ಇದ್ರೂ ಆಯ್ತು ಅಂತ ತಲೆ ಆಡಿಸದವರು ನೀವೊಬ್ಬರೇ.”

ಕುಳಿತೆ. ಹೇಳಿದಳು. “ಆಗಲಿಲ್ಲ.” ಮತ್ತೆ ಹೇಳಿದಳು. “ಊಹೂಂ.” ಅಷ್ಟರಲ್ಲಿ ಮಧ್ಯಾಹ್ನದ ಗಿರಾಕಿಗಳು ನುಗ್ಗಿದರು, ಕುರ್ಚಿಗಳು ತುಂಬಿ ಬಾಗಿಲಲ್ಲೂ ಜನ ನಿಂತರು. ಸಬೀಹಾಳ ಕಣ್ಣು ಅಲ್ಲೇ ನೆಟ್ಟಿತು.

“ಅಣ್ಣ, ಈ ಮೆಸ್ಸೇ ಪ್ರೋಟೀನ್! ಗಿರಾಕಿಗಳೇ ಔಷಧ. ಕುರ್ಚಿ ಖಾಲಿ ಇದ್ರೆ ಬಂದವರು ಬಂದ ಹಾಗೇ ಕೂರ್ತಾರೆ. ತುಂಬಿದ ಮೇಲೆ ನೂರು ಜನ ಬಂದ್ರೂ ಕೂರೋರು ಆರೇ. ಎಷ್ಟು ಬೇಗ ಕೂರ್ತಾರೆ, ಎಷ್ಟು ಬೇಗ ಏಳ್ತಾರೆ, ನನ್ನ ಸಮೀಕರಣ ಹೇಳೋದು ಅದನ್ನೇ.”

“ತಿಂದ ಮೇಲೂ ಏಳದೆ ಹರಟೋ ನಿನ್ನಂಥವರು?”

“ಅವರೇ ಒಳ್ಳೆ ಔಷಧ! ಅಂಟಿಕೊಂಡಷ್ಟು ಹೊತ್ತೂ ಕೆಲಸ ಮಾಡುತ್ತೆ.”

“ನನಗೆ ನಷ್ಟ ಕಣಮ್ಮ. ಆದ್ರೆ ಅರ್ಥ ಆಯ್ತು.”

ಅವಳು ಕುಣಿದೇಬಿಟ್ಟಳು.

ಮರುದಿನ ಮೆಸ್ಸಿಗೆ ಬೀಗ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಸೆಮಿನಾರಿಗೆ ಹೋದೆ. ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಿ. ಪರದೆಯ ಮೇಲೆ ಆರು ಕುರ್ಚಿ ಮೂಡಿದಾಗ ಸಭೆ ನಕ್ಕಿತು. ಕೊನೆಗೆ ಜೋರು ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಮೇಷ್ಟ್ರು ನನ್ನ ಕಡೆ ನೋಡಿ, ಇವರು ಯಾರು ಎಂದು ಹಿಂದಿಯಲ್ಲಿ ಅವಳನ್ನು ಕೇಳಿದರು.

“ಹಮಾರೇ ಗಾಂವ್ ಕೇ ಹೈಂ,” ಎಂದಳು. ನಮ್ಮೂರಿನವರು.

ಬೀದರಿಗೂ ಕುಂದಾಪುರಕ್ಕೂ ನಡುವೆ ಹೆಚ್ಚುಕಡಿಮೆ ಇಡೀ ಕರ್ನಾಟಕವಿದೆ. ಅಲ್ಲೇ ಇದ್ದಿದ್ದರೆ ನಾವಿಬ್ಬರೂ ಒಬ್ಬರಿಗೊಬ್ಬರು ಪರವೂರಿನವರು. ಇಬ್ಬರಿಗೂ ಸೇರಿದ ಆ ಊರು ಹುಟ್ಟಿದ್ದು ದೆಹಲಿಯಲ್ಲೇ. ನಾನು ತಿದ್ದಲು ಹೋಗಲಿಲ್ಲ. ಎದೆಯುಬ್ಬಿಸಿ “ಹಾಂಜೀ” ಎಂದೆ.