ಬುಟ್ಟಿ ಕಳೆದ ತೂಕ

ಚಲುವಯ್ಯನ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅದು ಅವನ ಮೇಲೋ ನನ್ನ ಮೇಲೋ ಇನ್ನೂ ತೀರ್ಮಾನವಾಗಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಅವನು ತೂಗಿದ, ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಗೂಡು ತುಂಬಿದ ಬುಟ್ಟಿ ತಕ್ಕಡಿಯ ಮೇಲೆ ಕೂತ ಕೂಡಲೇ ಮನಸ್ಸಿನಲ್ಲೇ ಬುಟ್ಟಿಯ ತೂಕ ಕಳೆದು, ಬರೀ ಗೂಡಿನ ತೂಕವನ್ನು ಕೂಗುತ್ತಿದ್ದ. ಯಾವ ಬುಟ್ಟಿ ಎಷ್ಟು ತೂಗುತ್ತದೆ ಎನ್ನುವುದು ಅವನಿಗೆ ಬಾಯಿಪಾಠ. ಒಮ್ಮೆ ಬೈರಾಪಟ್ಟಣದ ರೈತನೊಬ್ಬ ಮೆಲ್ಲಗೆ ಬುಟ್ಟಿಯ ಅಂಚಿಗೆ ಬೆರಳಿಟ್ಟ. "ಬೆರಳೂ ಮಾರಕ್ ತಂದಿದ್ದೀಯೇನ್ಲಾ?" ಎಂದು ಇವನು ಗದರಿದ್ದಕ್ಕೆ ಇಡೀ ಮಾರುಕಟ್ಟೆ ನಕ್ಕಿತ್ತು.

ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಗುಂಡಿ ಒತ್ತಿದರೆ ಬುಟ್ಟಿಯ ತೂಕ ತಾನೇ ಕಳೆದುಹೋಗುತ್ತಿತ್ತು. ಚಲುವಯ್ಯ ಒಂದು ವರ್ಷ ಹಲ್ಲು ಕಚ್ಚಿಕೊಂಡು ಆ ಗುಂಡಿ ಒತ್ತಿ, 2005ರಲ್ಲಿ ನಿವೃತ್ತನಾದ. ಮನೆಯಲ್ಲಿ ಕೂರಲಾರದೆ ಹೆಂಡತಿ ದೊಡ್ಡಲಕ್ಷ್ಮಮ್ಮನ ಅಡುಗೆಮನೆಗೆ ನುಗ್ಗಿ ಬೇಳೆ, ಬೆಲ್ಲ ಎಲ್ಲವನ್ನೂ ಕೈಯಲ್ಲೇ ತೂಗಿ ನೋಡಿ ಬೈಸಿಕೊಳ್ಳುತ್ತಿದ್ದ.

ಅವನಿಗೆ ವಿಮಾನದ ಕೆಲಸ ಕೊಡಿಸಿದವನು ನಾನೇ. ಸುತ್ತಮುತ್ತ ಕಾರ್ಖಾನೆಗಳಿಗೆಂದು ಹೊಲಗಳೆಲ್ಲ ಹೋಗುತ್ತಿದ್ದ ಕಾಲ. ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯಲ್ಲಿ ಒಬ್ಬರು ಜಾಗ ಸಮ ಮಾಡಿಸಿ, ಕಾರ್ಖಾನೆ ಕಟ್ಟದೆ ಹಾಗೇ ಬಿಟ್ಟಿದ್ದರು. ಅದನ್ನು ಬೆಂಗಳೂರಿನ ಒಂದು ಕ್ಲಬ್ಬಿನವರು ಬಾಡಿಗೆಗೆ ಹಿಡಿದು, ಶನಿವಾರ ಭಾನುವಾರ ಜನರನ್ನು ವಿಮಾನದಲ್ಲಿ ಮೇಲಕ್ಕೆ ಒಯ್ದು ಪ್ಯಾರಾಚೂಟ್ ಕಟ್ಟಿ ಹಾರಿಸಲು ಶುರುಮಾಡಿದರು. ಅಲ್ಲಿ ತೂಗಲು ನಂಬಿಕಸ್ಥ ಮನುಷ್ಯ ಬೇಕು ಎಂದು ಕ್ಲಬ್ಬಿನ ಮಾಲೀಕರು ಯಾರ ಮೂಲಕವೋ ನನ್ನನ್ನು ಕೇಳಿದರು. "ಚಲುವಯ್ಯ ತೂಗಿದರೆ ಮತ್ತೆ ನೋಡೋ ಹಂಗಿಲ್ಲ" ಎಂದೆ. ಈ ಮಾತು ಹೇಳಿದ ನಾಲಿಗೆ ನನ್ನದೇ.

ವಿಮಾನವನ್ನು ಆರಿಸಿ ತಂದವರು ಪೈಲಟ್ ಕ್ಯಾಪ್ಟನ್ ಅಶೋಕ್. ನಲವತ್ತರ ಆಸುಪಾಸಿನ ಶಾಂತ ಮನುಷ್ಯ. ಅದು ಆರು ಸೀಟಿನ, ಒಂಟಿ ಎಂಜಿನ್ನಿನ ಹಳೆಯ ವಿಮಾನ. ಪೈಲಟ್ ಸೀಟು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು, ಒಂದು ಬಾಗಿಲನ್ನೂ ತೆಗೆಸಿದ್ದರು. ಐದು ಜನ ನೆಲದ ಮೇಲೆ ಕಾಲು ಚಾಚಿ ಕೂರಬೇಕು. ಮೇಲೆ ಹೋದಷ್ಟೂ ಗಾಳಿ ತೆಳುವಾಗಿ ಸಾಧಾರಣ ಎಂಜಿನ್ ಏದುಸಿರು ಬಿಡುತ್ತದೆ, ಹತ್ತು ಸಾವಿರ ಅಡಿ ಹತ್ತಲು ಮುಕ್ಕಾಲು ಗಂಟೆ ತಿನ್ನುತ್ತದೆ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ಒಳಗೆ ತುರುಕುತ್ತದೆ, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೇ ಅಶೋಕ್ ಟರ್ಬೊ ಇರುವುದನ್ನೇ ಹುಡುಕಿ ತಂದದ್ದು. ಹಾಗಾದರೆ ಆರನೆಯವರನ್ನೂ ಕೂರಿಸಬಹುದಲ್ಲ ಎಂದು ಮಾಲೀಕರು ಕೇಳಿದಾಗ ಅವರು ಹೇಳಿದ ಮಾತು ಆ ಮೈದಾನದಲ್ಲಿ ಎಲ್ಲರ ಬಾಯಲ್ಲೂ ಇತ್ತು: "ಎಂಜಿನ್‌ಗೆ ಟರ್ಬೊ ಇದೆ ಸಾರ್, ರೆಕ್ಕೆಗಿಲ್ಲ."

ಎಂಜಿನ್ನಿನ ಕೈಕೆಲಸ ಚನ್ನಪಟ್ಟಣದ ಇದ್ರೀಸನದು. ಹದಿನೈದು ವರ್ಷ ಲಾರಿಗಳ ಟರ್ಬೊ ಬಿಚ್ಚಿ ಜೋಡಿಸಿದವನು. ಲೈಸೆನ್ಸ್ ಇದ್ದ ಎಂಜಿನಿಯರ್ ತಿಂಗಳಿಗೆರಡು ಸಲ ಬಂದು ನೋಡಿ ಸಹಿ ಹಾಕುತ್ತಿದ್ದರು. ವಿಮಾನ ಇಳಿದ ಮೇಲೆ ಎಂಜಿನ್ನನ್ನು ತಕ್ಷಣ ಆರಿಸಬಾರದು, ನಾಲ್ಕೈದು ನಿಮಿಷ ನಿಧಾನಕ್ಕೆ ತಿರುಗಲು ಬಿಡಬೇಕು, ಇಲ್ಲದಿದ್ದರೆ ಕಾದ ಟರ್ಬೊದಲ್ಲಿ ಆಯಿಲ್ ಸುಟ್ಟು ಕಟ್ಟಿಕೊಳ್ಳುತ್ತದೆ. ಆ ಐದು ನಿಮಿಷವೂ ಇದ್ರೀಸ್ ಗಡಿಯಾರ ಹಿಡಿದು ನಿಲ್ಲುತ್ತಿದ್ದ. ಮಧ್ಯಾಹ್ನ ಚಲುವಯ್ಯ ತಂದ ಮುದ್ದೆಯಲ್ಲಿ ಅರ್ಧ ಅವನದು.

ಚಲುವಯ್ಯನ ಕೆಲಸ ಸುಲಭ. ಹಾರುವವರು ಪ್ಯಾರಾಚೂಟಿನ ಚೀಲ ಬೆನ್ನಿಗೆ ಕಟ್ಟಿಕೊಂಡು ತಕ್ಕಡಿ ಹತ್ತುತ್ತಾರೆ. ಇವನು ಹಾಳೆಯಲ್ಲಿ ಹೆಸರು, ತೂಕ ಬರೆದು, ಕೂಡಿ, ಅಶೋಕರ ಕೈಗೆ ಕೊಡಬೇಕು. ವಿಮಾನ ಹೊರಬಹುದಾದ ಮಿತಿಗೆ ಎಷ್ಟು ಉಳಿದಿದೆ ನೋಡಿ ಅವರು ಪೆಟ್ರೋಲ್ ತುಂಬಿಸುತ್ತಾರೆ. ಮೊದಲ ವಾರವೇ ಚಲುವಯ್ಯ, ಯಾರೂ ಹೇಳದಿದ್ದರೂ, ಹನ್ನೆರಡು ಚೀಲಗಳನ್ನೂ ಒಂದೊಂದಾಗಿ ತೂಗಿ ನೆನಪಿಟ್ಟುಕೊಂಡ.

ಡಿಸೆಂಬರ್, ಜನವರಿಯ ತಂಪಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಮಾರ್ಚ್ ಹೊತ್ತಿಗೆ ಇದ್ರೀಸನ ಮುಖ ಸಣ್ಣಗಾಯಿತು. "ಅಣ್ಣ, ಎಂಜಿನ್ ಯಾಕೋ ಜಾಸ್ತಿ ಬಿಸಿಯಾಗ್ತೈತೆ. ಏರೋವಾಗ ಒದ್ದಾಡ್ತೈತೆ" ಎಂದು ಚಲುವಯ್ಯನ ಹತ್ತಿರ ಹೇಳಿಕೊಂಡ. "ನಿನ್ ಕೈಗುಣ ನೋಡ್ಕ ಒಸಿ" ಎಂದು ಇವನು ಛೇಡಿಸಿದ. ಇದ್ರೀಸ್ ಎಂಜಿನಿಯರನ್ನು ಕೇಳಿಕೊಂಡು ಟರ್ಬೊವನ್ನು ಎರಡು ಸಲ ಬಿಚ್ಚಿ ನೋಡಿದ. ಏನೂ ತಪ್ಪು ಸಿಗಲಿಲ್ಲ.

2007ರ ಏಪ್ರಿಲ್, ಒಂದು ಭಾನುವಾರ ಹನ್ನೊಂದು ಗಂಟೆ. ಸುಡು ಬಿಸಿಲು, ಗಾಳಿ ಪೂರ್ತಿ ಬಿದ್ದುಹೋಗಿತ್ತು. ಕಡೆಯದಾಗಿ ತಕ್ಕಡಿ ಹತ್ತಿದವಳು ಸುಮನಾ, ಕನಕಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹುಡುಗಿ. "ತಾತ, ಜೋರಾಗಿ ಕೂಗ್ಬೇಡಿ, ಮಾನ ಹೋಗುತ್ತೆ" ಎಂದು ನಕ್ಕಳು. ಐದು ಜನ ಹತ್ತಿದರು. ವಿಮಾನ ಓಡಿತು, ನೆಲ ಬಿಟ್ಟಿತು, ಆದರೆ ಮೇಲೇಳಲೇ ಇಲ್ಲ. ಮೈದಾನದ ತುದಿಯ ನೀಲಗಿರಿ ತೋಪಿಗೆ ಹೋಗಿ ಬಡಿಯಿತು. ಕ್ಯಾಪ್ಟನ್ ಅಶೋಕ್, ಸುಮನಾ ಅಲ್ಲೇ ಹೋದರು. ಒಬ್ಬನ ಕಾಲು ಹೋಯಿತು. ಉಳಿದವರನ್ನು ಮೊದಲು ಓಡಿ ಹೊರಗೆಳೆದವನು ಇದ್ರೀಸ್. ಅವನ ಎರಡೂ ಅಂಗೈ ಸುಟ್ಟಿದ್ದವು.

ನಾಲ್ಕನೆಯ ದಿನ ಪೊಲೀಸರು ಇದ್ರೀಸನನ್ನೇ ಹಿಡಿದುಕೊಂಡು ಹೋದರು. ಟರ್ಬೊ ಬಿಚ್ಚಿದವನು ಅವನೇ ತಾನೆ? ಲಾರಿ ರಿಪೇರಿಯವನ ಕೈಗೆ ವಿಮಾನ ಕೊಟ್ಟರು ಎಂದು ಜನ ಉಗಿದರು. ಮಾಲೀಕರಿಗೂ ಅದೇ ಬೇಕಿತ್ತು.

ಮಾರನೆಯ ಬೆಳಿಗ್ಗೆ ಚಲುವಯ್ಯ ಪೇಪರ್ ಹಿಡಿದು ನನ್ನ ಮನೆಗೆ ಬಂದ. "ನೋಡು ಮುನಿಶಾಮಯ್ಯ, ತೂಕ ಮಿತಿಯೊಳಗೇ ಇತ್ತು ಅಂತ ಬರ್ದವ್ರೆ. ನನ್ ಕೆಲಸದಲ್ಲಿ ತಪ್ಪಿಲ್ಲ. ಆದ್ರೆ ಇದ್ರೀಸ ಅಂಥ ಕೆಲಸದೋನಲ್ಲ ಕಣಯ್ಯ" ಎಂದು ಜೇಬಿನಿಂದ ಆ ದಿನದ ಹಾಳೆಯ ನಕಲು ತೆಗೆದು ತೋರಿಸಿದ.

ಕೊನೆಯ ಸಾಲು ಸುಮನಾ, ನಲವತ್ತಾರು. ಮೈದಾನಕ್ಕೆ ಹೋದಾಗ ಆ ಹುಡುಗಿಯನ್ನು ನಾನು ನೋಡಿದ್ದೆ, ಚೀಲ ಹೊತ್ತೂ ನಲವತ್ತಾರು ಕೆ.ಜಿ. ತೂಗುವಷ್ಟು ಸಣಕಲಲ್ಲ.

"ಚೀಲ ಸೇರಿ ಇಷ್ಟೇನಾ?" ಎಂದೆ.

"ಚೀಲ ಯಾಕೆ ಸೇರ್ತದೆ? ಕಳ್ದು ಬರ್ದಿದ್ದೀನಿ. ಎಲ್ಲರದ್ದೂ ಕಳ್ದೇ..."

ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಮತ್ತೆ ಕೂಡಿದ. ಐದು ಚೀಲ, ಅರವತ್ತು ಕೆ.ಜಿ. ಅಷ್ಟು ಜಾಗ ಉಳಿದಿದೆ ಎಂದುಕೊಂಡು ಅಶೋಕ್ ಅಷ್ಟೂ ಪೆಟ್ರೋಲ್ ತುಂಬಿಸಿದ್ದರು. ಎಂಜಿನ್ ಬಿಸಿಯಾಗುತ್ತಿದ್ದುದು, ಒದ್ದಾಡುತ್ತಿದ್ದುದು ಅದಕ್ಕೇ; ಚಳಿಗಾಲದಲ್ಲಿ ಹೇಗೋ ಹೊತ್ತ ಭಾರವನ್ನು ಬಿಸಿಲಿಗೆ ತೆಳುವಾದ ಗಾಳಿಯಲ್ಲಿ ಹೊರಲಾಗಲಿಲ್ಲ.

"ಬುಟ್ಟಿ ಕಳೀಬೇಕು ಅಂತ ತೂಗೋನಿಗೆ ಯಾರಾದ್ರೂ ಹೇಳಿಕೊಡ್ತಾರೇನಯ್ಯ?" ಎಂದ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ನಾನೇನು ಹೇಳಿದೆ ಎನ್ನುವುದನ್ನೂ ಬರೆಯಬೇಕು. "ಸುಮ್ಮನಿರು ಮಾರಾಯ. ಹೋದೋರು ಬರಲ್ಲ. ಹಾಳೆ ಹರಿದು ಹಾಕು" ಎಂದೆ. ಅವನಿಗಾಗಿ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಅವನನ್ನು ಅಲ್ಲಿಗೆ ಕಳಿಸಿದವನು ನಾನು ಎನ್ನುವುದೂ ಒಳಗೆ ಕುಟುಕುತ್ತಿತ್ತು.

"ಇದ್ರೀಸ ಒಳಗವ್ನೆ" ಎಂದಷ್ಟೇ ಹೇಳಿ ಎದ್ದ. ಕನಕಪುರದ ಬಸ್ಸು ಹಿಡಿದ. ನಾನು ಹಿಂದೆ ಓಡಿದೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ನಂಬಲಿಲ್ಲ. ಸ್ನೇಹಿತನನ್ನು ಬಿಡಿಸಲು ಮುದುಕ ಕತೆ ಕಟ್ಟುತ್ತಿದ್ದಾನೆ ಎಂದುಕೊಂಡರು. ಅಪಘಾತದ ಜಾಗದಿಂದ ತಂದ ಚೀಲಗಳಲ್ಲಿ ಮೂರು ಅಷ್ಟಾಗಿ ಕೆಟ್ಟಿರಲಿಲ್ಲ. "ಯಾವುದು ಎಷ್ಟಿದೆ, ಹೇಳು ನೋಡೋಣ" ಎಂದರು. ಚಲುವಯ್ಯ ದೂರದಿಂದಲೇ ನೋಡಿ ಹೇಳಿದ: "ಕೆಂಪಿಂದು ಹನ್ನೊಂದು ಆರ್ನೂರು. ನೀಲಿ ಹನ್ನೆರಡು ಇನ್ನೂರು. ಆ ಹಸಿರಂಚಿಂದು ಹನ್ನೆರಡು ಮುನ್ನೂರೈವತ್ತು." ಪಕ್ಕದ ಅಂಗಡಿಯಿಂದ ತಕ್ಕಡಿ ತರಿಸಿ ತೂಗಿದರು. ಮೂರರಲ್ಲೂ ಐವತ್ತು ಗ್ರಾಂ ಕೂಡ ತಪ್ಪಿರಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಹೇಳಬಾರದಿತ್ತು ಎಂದು ನನಗನಿಸಿದ್ದು ಅದೊಂದೇ ಸಲ.

ಇದ್ರೀಸ್ ಹೊರಗೆ ಬಂದ, ಇವನು ಒಳಗೆ ಹೋದ. ಹದಿನೆಂಟು ದಿನಕ್ಕೆ ಜಾಮೀನು ಸಿಕ್ಕಿತು. ಬಿಡಿಸಿಕೊಳ್ಳಲು ಹೋದವರು ನಾನು, ದೊಡ್ಡಲಕ್ಷ್ಮಮ್ಮ. ಗೇಟಿನ ಆಚೆ ಇದ್ರೀಸನೂ ಬಂದು ನಿಂತಿದ್ದ, ಎರಡು ಕೈಗೂ ಬಟ್ಟೆ ಸುತ್ತಿಕೊಂಡು. "ಒದ್ದಾಡ್ತೈತೆ ಅಂತ ನಿಂಗೆ ಹೇಳಿದ್ನಲ್ಲಣ್ಣ" ಎಂದ. ಬೈಗುಳವೇನಲ್ಲ. ಆದರೆ ಆಮೇಲೆ ಅವರಿಬ್ಬರೂ ಮತ್ತೆ ಒಟ್ಟಿಗೆ ಕೂತು ಉಣ್ಣಲಿಲ್ಲ.

ಕೇಸು ತಾರೀಕಿನಿಂದ ತಾರೀಕಿಗೆ ಹೋಗುತ್ತಲೇ ಇತ್ತು. ಚಲುವಯ್ಯ ಸಂತೆಗೆ ಹೋಗುವುದನ್ನೂ ಬಿಟ್ಟ. ಬೀದಿಗೆ ತಕ್ಕಡಿ ಹಿಡಿದ ತರಕಾರಿಯವಳು ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಎರಡು ವರ್ಷದಲ್ಲಿ ಮೂಳೆ ಚಕ್ಕಳವಾದ.

2009ರ ಮಳೆಗಾಲದಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಔಷಧಿಯ ಲೆಕ್ಕಕ್ಕೆ ತೂಕ ಬೇಕೆಂದು ನರ್ಸ್ ತಕ್ಕಡಿ ತಂದಳು. ನಾನೂ ದೊಡ್ಡಲಕ್ಷ್ಮಮ್ಮನೂ ಎರಡು ಕಡೆ ಹಿಡಿದು ನಿಲ್ಲಿಸಿದೆವು. ಚಳಿಗೆ ಕಂಬಳಿ ಹೊದ್ದೇ ಇದ್ದ. ನರ್ಸ್ ಮುಳ್ಳು ನೋಡಿ, "ಕಂಬಳಿದು ಎರಡು ಕೆ.ಜಿ. ಕಳೀಲಾ?" ಎಂದು ನನ್ನನ್ನು ಕೇಳಿದಳು.

ಚಲುವಯ್ಯ ಅವಳ ಕೈ ಹಿಡಿದುಕೊಂಡ. "ಬ್ಯಾಡ ಕಣವ್ವ" ಎಂದ. "ಏನೂ ಕಳೀಬ್ಯಾಡ. ಎಲ್ಲಾ ಸೇರ್ಸಿ ಬರ್ಕ."

ಅವಳು ಹಾಗೇ ಬರೆದುಕೊಂಡಳು.